ಮೆಟ್ಟುಗತ್ತಿಗೊಂದು ಒರೆ

ಹೊಳನಗದ್ದೆಯಲ್ಲಿ ನಮ್ಮ ಪಕ್ಕದ ಮನೆಯವರು ಬಸ್ ಡಿಪೋದಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಕವಚವಿಲ್ಲದ ವಸ್ತು ಕಂಡರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಟಿ.ವಿ. ರಿಮೋಟಿಗೆ, ಟಾರ್ಚಿಗೆ, ಕೊನೆಗೆ ಹಲ್ಲುಜ್ಜುವ ಬ್ರಶ್ಶಿಗೂ ತಾವೇ ಪ್ಲಾಸ್ಟಿಕ್ ಅಂಗಿ ತೊಡಿಸಿ, ಬೆರಳಿನಿಂದ ಟಕಟಕ ಬಡಿದು, "ಫಿಟ್ಟಿಂಗ್ ಅಂದ್ರೆ ಇದು" ಎನ್ನುತ್ತಿದ್ದರು.

ಒಂದು ಭಾನುವಾರ ಅವರ ಕಣ್ಣು ಹೆಂಡತಿಯ ಮೆಟ್ಟುಗತ್ತಿಯ ಮೇಲೆ ಬಿತ್ತು. ಮಣೆಗೆ ನೆಟ್ಟ ಬಾಗಿದ ಅಲಗಿನಲ್ಲಿ ಮೀನು ಕೊಯ್ಯುವುದು, ಅದರ ತುದಿಯ ಹಲ್ಲುಬಿಲ್ಲೆಯಲ್ಲಿ ಕಾಯಿ ತುರಿಯುವುದು. ಯಾರ ಕೈಗಾದರೂ ತಾಗೀತೆಂದು ಅವರು ಮನೆಯಲ್ಲಿ ಉಳಿದಿದ್ದ ಪ್ಲಾಸ್ಟಿಕ್ ನೀರಿನ ಪೈಪಿನ ತುಂಡು ಸೀಳಿ, ಒಲೆಯ ಮೇಲೆ ಹಿಡಿದು, ಬಾಳೆಲೆಯಂತೆ ಬಾಡಿದಾಗ ಅಲಗು, ಬಿಲ್ಲೆ ಎರಡಕ್ಕೂ ಸೇರಿಸಿ ಸುತ್ತಿ, ಒದ್ದೆ ಗೋಣಿಯಿಂದ ಒತ್ತಿದರು.

ಆರಿದ ಮೇಲೆ ಒರೆ ಅಲುಗಲಿಲ್ಲ. ಬಿಲ್ಲೆ ಅಗಲ, ಅದರ ಕುತ್ತಿಗೆ ಸಪೂರ. ಪ್ಲಾಸ್ಟಿಕ್ಕು ಆ ಕುತ್ತಿಗೆಯನ್ನೇ ಹಿಡಿದು ಕೂತಿತ್ತು. ಅವರು ಜಗ್ಗುತ್ತಿದ್ದಾಗಲೇ ಹೆಂಡತಿಯ ಅಣ್ಣ ಬಂಗಡೆಯ ಚೀಲ ಹಿಡಿದು ಭಟ್ಕಳದಿಂದ ಊಟಕ್ಕೆ ಬಂದಿಳಿದ.

"ಕೈಗೆ ತಾಗೂದಿಲ್ಲ ಅಂದ್ರಿ, ಆತು. ಈಗ ಮೀನಿಗೂ ತಾಗೂದಿಲ್ಲ" ಎಂದು ಹೆಂಡತಿ ಬಂಗಡೆ, ಕಾಯಿ ಎರಡನ್ನೂ ಹೊತ್ತು ನಮ್ಮ ಅಡುಗೆಮನೆಗೆ ಬಂದರು.

ಹಿಂದೆಯೇ ಗಂಡನೂ ಬಂದರು. ಕೇಳಿದವರಿಗೆಲ್ಲ "ಫಿಟ್ಟಿಂಗ್ ಅಂದ್ರೆ ಇದು" ಎಂದೇ ಹೇಳುತ್ತ, ನಮ್ಮ ಮೆಟ್ಟುಗತ್ತಿಯನ್ನು ಬಗ್ಗಿ ನೋಡಿ, ಅಮ್ಮನಿಗೆ "ಅಕ್ಕ, ಇದ್ಕೂ ಅಳತೆ ತಗೊಳ್ಲಾ?" ಎಂದರು.

ಆಮೇಲೆ ಅವರು ಯಾವಾಗ ಬಂದರೂ ಅಮ್ಮ ಮೊದಲು ಮೆಟ್ಟುಗತ್ತಿಯನ್ನು ಒಳಗಿಟ್ಟು ಬಂದು, ಆಮೇಲೆ ಚಾ ಬೇಕಾ ಎಂದು ಕೇಳುತ್ತಿದ್ದಳು.