ಮರುಮದುವೆಯ ಕಾಲಂ

ನವೆಂಬರ್ ಬಂತೆಂದರೆ ನಮ್ಮ ಡೊಂಬಿವಲಿ ಬ್ಯಾಂಕಿನಲ್ಲಿ ಪಿಂಚಣಿದಾರರ ಸಾಲು. ತಾವು ಬದುಕಿದ್ದೇವೆಂದು ಅವರು ವರ್ಷವರ್ಷವೂ ಸಹಿ ಹಾಕಬೇಕು. ಮಧ್ಯಾಹ್ನದ ಹೊತ್ತಿಗೆ ನಾನು ಮುಖ ನೋಡುವುದನ್ನೇ ಬಿಟ್ಟಿದ್ದೆ.

ಕುಂದಾಪುರ ಕಡೆಯ ಅಜ್ಜಿಯೊಬ್ಬರ ಪಿಂಚಣಿ ಪುಸ್ತಕದಲ್ಲಿ ಯುನಿಫಾರ್ಮಿನ ಹುಡುಗನ ಫೋಟೋ ಇತ್ತು.

"ಅಜ್ಜೀ, ಯಜಮಾನರ ಫೋಟೋ ಬೇಕು, ಮೊಮ್ಮಗನದ್ದಲ್ಲ."

"ಅವರೇ ಮಾರಾಯ. ಅರವತ್ತೈದರ ಯುದ್ಧದಲ್ಲಿ ಬಾಂಬರ್ ವಿಮಾನ ಹತ್ತಿ ಹೋದವರು ಬರಲೇ ಇಲ್ಲ. ಆಗ ಅವರಿಗೆ ಇಪ್ಪತ್ತಮೂರು. ನಮ್ಮ ಹಳ್ಳಿಗೆ ಇನ್ನೂ ಬಸ್ಸೇ ಬಂದಿರಲಿಲ್ಲ."

ನಾಚಿಕೆಯಾಯಿತು. ಆದರೂ ಗಂಡನ ಪಿಂಚಣಿ ಪಡೆಯುವವರಿಗೆ ಫಾರಂನ ಕೊನೆಯ ಪ್ರಶ್ನೆ ಕೇಳಲೇಬೇಕಿತ್ತು. "ಮರುಮದುವೆ ಏನಾದರೂ..."

"ಈ ವರ್ಷವೂ ಆಗ್ಲಿಲ್ಲ, ಬರ್ಕೊ."

ಸಹಿ ಹಾಕಿದ ಅಜ್ಜಿ ಫೋಟೋವನ್ನು ಸೆರಗಿನಿಂದ ಒರೆಸಿದರು. "ಈಗ ಎದುರು ಬಂದ್ರೆ ಇವರೂ ನನ್ನನ್ನು ಅಜ್ಜೀ ಅಂತಲೇ ಕರೀತಾರೆ, ನಿನ್ನ ಹಾಗೆ."