ಮೊದಲ ಬೆಂಚಿನ ಆಕಳಿಕೆ

ಚರ್ಚಿನ ಸಭಾಪಾಲಕರ ಹೆಂಡತಿಗೆ ದೇವಾಲಯದ ಮೊದಲ ಬೆಂಚು ತಪ್ಪಿದ್ದಲ್ಲ. ದಯಾವತಿ ಅದರ ಮೇಲೆ ಕೂರತೊಡಗಿ ಇಪ್ಪತ್ತು ವರ್ಷದ ಮೇಲಾಯಿತು. ವರ್ಗವಾದಾಗಲೆಲ್ಲ ಊರು ಬದಲಾಗಿದೆ, ಬೆಂಚು ಮಾತ್ರ ಅದೇ. ಹಿಂದೆ ಕೂತವರು ತೂಕಡಿಸಬಹುದು, ಮೊಬೈಲು ನೋಡಬಹುದು, ಮಗುವಿನ ನೆಪ ಹೇಳಿ ಹೊರಗೆ ಗಾಳಿ ಕುಡಿದು ಬರಬಹುದು. ಅವಳು ಮಾತ್ರ ನೆಟ್ಟಗೆ ಕೂತು, ಗಂಡನ ಮುಖ ನೋಡುತ್ತ, ತಕ್ಕ ಜಾಗದಲ್ಲಿ ತಲೆಯಾಡಿಸಬೇಕು.

ಅವಳ ಕಷ್ಟ ಇನ್ನೊಂದಿತ್ತು, ಅದು ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡ ಜಾನ್ಸನ್ ಅಯ್ಯನವರು ಪ್ರತಿ ಶನಿವಾರ ಸಂಜೆ ಅಡುಗೆಮನೆಗೆ ಬಂದು, ಬಾಗಿಲಿಗೆ ಒರಗಿ, ಮರುದಿನ ಸಭೆಗೆ ಉಪದೇಶಿಸಬೇಕಾದ ಪ್ರಸಂಗವನ್ನು ಪೂರ್ತಿ ಒಪ್ಪಿಸುತ್ತಿದ್ದರು. ಅಷ್ಟು ಹೊತ್ತೂ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಬೇಕು, ಸಪ್ಪಳಕ್ಕೆ ಅವರ ಮಾತು ತಪ್ಪುತ್ತದೆ. ಮುಗಿದ ಮೇಲೆ ‘ಹೆಂಗಾತು?’ ಎನ್ನುತ್ತಾರೆ. ‘ಛಲೋ ಆತ್ರಿ’ ಎನ್ನುತ್ತಾಳೆ. ಹಿಟ್ಟು ಆರಿಹೋಗಿರುತ್ತದೆ.

ಅಯ್ಯನವರು ಒಳ್ಳೆಯ ಮನುಷ್ಯ. ರೋಗಿಗಳ ಪಕ್ಕ ಗಂಟೆಗಟ್ಟಲೆ ಕೂರುತ್ತಾರೆ, ಸತ್ತವರ ಮನೆಯಲ್ಲಿ ಹೆಣ ಹೊರಲು ಹೆಗಲು ಕೊಡುತ್ತಾರೆ. ಪೀಠ ಹತ್ತಿದರೆ ಮಾತ್ರ ಇಳಿಯುವ ದಾರಿ ಮರೆಯುತ್ತಾರೆ. ಹೋದ ತಿಂಗಳು ಸಭೆಯ ಕಮಿಟಿಯಲ್ಲಿ ಯಾರೋ, “ಅಯ್ಯಾರ, ಪ್ರಸಂಗ ಚೂರು ಸಣ್ಣದು ಮಾಡ್ರಿ” ಎಂದುಬಿಟ್ಟರು. ಆ ದಿನ ಅವರು ಅರ್ಧ ಊಟಕ್ಕೇ ಎದ್ದರು. ಆಮೇಲಿನ ಪ್ರಸಂಗವನ್ನು ಮತ್ತೆ ಮತ್ತೆ ತಿದ್ದಿ ಬರೆದರು. ತಿದ್ದಿದಾಗಲೆಲ್ಲ ಅಡುಗೆಮನೆಗೆ ಬಂದು ಒಪ್ಪಿಸಿದರು. ವಿಷಯ ತಾಳ್ಮೆ. ತಾಳ್ಮೆಯೆಂದರೇನೆಂದು ಆ ಮನೆಯಲ್ಲಿ ದಯಾವತಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಆ ರವಿವಾರ ಪ್ರಸಂಗ ಮೂರನೆಯ ಅಂಶಕ್ಕೆ ಬಂದಾಗ ಅವಳಿಗೆ ಆಕಳಿಕೆ ಬಂತು. ಹಲ್ಲು ಕಚ್ಚಿದಳು, ಉಸಿರು ಹಿಡಿದಳು, ಏನು ಮಾಡಿದರೂ ನಿಲ್ಲಲಿಲ್ಲ. ಕೊನೆಗೆ ಸೆರಗು ಬಾಯಿಗೆ ಅಡ್ಡ ಹಿಡಿದು, ಒಳಗೊಳಗೇ ಒಮ್ಮೆ ಬಾಯ್ತುಂಬ ಆಕಳಿಸಿದಳು. ಕಿವಿಯ ಮುಂದೆ ಟಕ್ ಎಂದಿತು. ತೆರೆದ ಬಾಯಿ ಮುಚ್ಚಲಿಲ್ಲ.

ಒತ್ತಿದಳು, ಮುಚ್ಚಲಿಲ್ಲ. ನೋವಿಗೆ ಕಣ್ಣಲ್ಲಿ ನೀರು ದಳದಳ ಇಳಿಯಿತು, ಜೊಲ್ಲಿಗೆ ಸೆರಗು ತೊಯ್ದಿತು. ಎದ್ದು ಹೋಗೋಣವೆಂದರೆ ಇಡೀ ಸಭೆಯ ಕಣ್ಣು. ಮುದುಡಿ ಕೂತಳು. ಪೀಠದ ಮೇಲಿಂದ ಅಯ್ಯನವರಿಗೆ ಕಂಡದ್ದು, ಬಾಯಿಗೆ ಸೆರಗು ಹಿಡಿದು ಅಳುತ್ತಿರುವ ಹೆಂಡತಿ. ಅವರು ಕೈಯಲ್ಲಿದ್ದ ಹಾಳೆ ಕೆಳಗಿಟ್ಟು, ಬರೆದಿರದ ನಾಲ್ಕನೆಯ ಅಂಶವೊಂದನ್ನು ಶುರು ಮಾಡಿದರು. ಅಮ್ಮಾರೇ ಅಳುತ್ತಿರುವಾಗ ತಾವು ಸುಮ್ಮನಿದ್ದರೆ ಹೇಗೆಂದು ಹಿಂದಿನ ಹೆಂಗಸರೂ ಮೂಗು ಒರೆಸಿಕೊಂಡರು.

ಆರಾಧನೆ ಮುಗಿದ ಮೇಲೆ ಮಹಿಳಾ ಸಂಘದ ಸೆಲಿನಾ ಸಮಾಧಾನ ಮಾಡಲು ಬಂದು ಸೆರಗು ಸರಿಸಿದಳು.

“ಅಯ್ಯೋ ದೇವರ! ಅಮ್ಮಾರಿಗೆ ಲಕ್ವಾ ಹೊಡದದ!”

ಸೆಲಿನಾಳ ಅಳಿಯನ ಮುರಿದ ದವಡೆ ಕೂಡಿಸಿದ್ದು ಕೇಶ್ವಾಪುರದ ಡಾಕ್ಟರ್ ನಿರುಪಮಾ. ಫೋನ್ ಮಾಡಿದರೆ ರಜೆಯ ದಿನವೂ ಬಂದು ಬಾಗಿಲು ತೆಗೆದರು. ಆ ದವಾಖಾನೆಯ ಬೋರ್ಡನ್ನು ದಯಾವತಿ ಸಂತೆಗೆ ಹೋಗುವಾಗ ಎಷ್ಟೋ ಸಲ ಓದಿದ್ದಳು: ಬುದ್ಧಿಹಲ್ಲು ತೆಗೆಯುವುದು, ಮುರಿದ ದವಡೆ, ಸೀಳುತುಟಿ, ಬಾಯಿಯ ಗಂಟು. ಕೊನೆಗೆ ಜಾರಿದ ದವಡೆ. ದವಡೆಯೇನು ಬೀಗದ ಕೈಯೇ ಜಾರಿ ಬೀಳಲು ಎಂದು ಒಮ್ಮೆ ನಕ್ಕಿದ್ದಳು ಕೂಡ. ಈಗ ಒದ್ದೆ ಸೆರಗು ಹಿಡಿದು ಅದೇ ಬೋರ್ಡಿನ ಕೆಳಗೆ ತಲೆ ತಗ್ಗಿಸಿ ಒಳಹೋದಳು.

“ಏನ್ ಮಾಡುವಾಗ ಆತ್ರಿ?” ಡಾಕ್ಟರು ಕೇಳಿದರು.

“ಪ್ರಸಂಗ ಕೇಳಿ ಅಳಾಕತ್ತಿದ್ಳು,” ಅಯ್ಯನವರು ಹೇಳಿದರು. ಆ ಗಾಬರಿಯಲ್ಲೂ ದನಿಯಲ್ಲಿ ಒಂದು ಹೆಮ್ಮೆಯಿತ್ತು.

“ಅತ್ರ ಹಿಂಗಾಗೂದು ಭಾಳ ಕಡಿಮಿ. ಬಾಯಿ ಅಗಲ ತಗದಾಗ ಆಗ್ತದ. ನಕ್ಕಾಗ, ಆಕಳಿಸಿದಾಗ.”

ಡಾಕ್ಟರು ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿ, ಕೆಳದವಡೆಯ ಹಲ್ಲಿನ ಮೇಲಿಟ್ಟು, ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿದರು. ಬಾಯಿ ಕೂಡಿತು. ಗದ್ದದಿಂದ ನೆತ್ತಿಯವರೆಗೆ ಪಟ್ಟಿ ಸುತ್ತುತ್ತ, “ಹೇಳ್ರಿ ಅಮ್ಮಾರ, ಆಕಳಿಸಿದ್ರೇನು?” ಎಂದರು.

ದಯಾವತಿ ಗಂಡನ ಮುಖ ನೋಡಿದಳು. ಕಮಿಟಿಯ ದಿನದಿಂದ ಕಳೆದುಹೋಗಿದ್ದ ಕಳೆ ಅಲ್ಲಿ ಮರಳಿ ಬಂದಿತ್ತು.

“ಇಲ್ರಿ. ಅಳುವಾಗ.”

ಡಾಕ್ಟರು ಪಟ್ಟಿಯ ಗಂಟು ಬಿಗಿದರು. “ಮುಂದ ಆಕಳಿಕಿ ಬಂದ್ರ ಗದ್ದದ ಕೆಳಗ ಮುಷ್ಟಿ ಇಟ್ಕೊರಿ,” ಎಂದಷ್ಟೇ ಹೇಳಿದರು. ನೆಟ್ಟಗಾದ ಬಾಯಿಂದ ಮೊದಲು ಬಂದ ಮಾತೇ ಸುಳ್ಳಾಯಿತಲ್ಲ ಎಂದು ದಯಾವತಿಗೆ ನೆಲಕ್ಕಿಳಿದುಹೋಗುವಂತಾಯಿತು.

ಮನೆಯಲ್ಲಿ ನಾಚಿಕೆ ಇನ್ನೂ ಹೆಚ್ಚಿತು. ಒಲೆ ಮುಟ್ಟದ ಅಯ್ಯನವರು ತಾವೇ ರವೆ ಗಂಜಿ ಕಾಸಿ, ಆರಿಸಿ, ಚಮಚದಲ್ಲಿ ಕುಡಿಸಿದರು. ಬಂದವರೆಲ್ಲ “ಎಂಥಾ ಪ್ರಸಂಗ ಅಯ್ಯಾರ!” ಎಂದರು. ಒಂದೊಂದು ಹೊಗಳಿಕೆಯೂ ಅವಳ ಗಂಟಲಲ್ಲಿ ಗಂಜಿಗಿಂತ ಗಟ್ಟಿಯಾಗಿ ಸಿಕ್ಕಿಕೊಂಡಿತು. ಶುಕ್ರವಾರ ಬೆಳಿಗ್ಗೆ ಅವರು ಚಮಚ ಹಿಡಿದೇ ಹೇಳಿದರು:

“ಧಾರವಾಡದ ಮಹಿಳಾ ಕೂಟಕ್ಕ ಕರದಾರ. ಅದ ಪ್ರಸಂಗ ಬೇಕಂತ. ನಿನ್ನ ಕಣ್ಣೀರಿನ ಮಾತಿನಿಂದನ ಶುರು ಮಾಡ್ತೇನಿ, ದಯಾ.”

ನೂರಾರು ಹೆಂಗಸರ ಮುಂದೆ ಅವರು ಅದನ್ನು ಹೇಳುವುದು ಅವಳ ಕಣ್ಣಿಗೆ ಕಟ್ಟಿತು. ಪಟ್ಟಿಯೊಳಗಿಂದ ತುಟಿ ಮಾತ್ರ ಆಡಿಸಿ ಹೇಳಿದಳು:

“ಬ್ಯಾಡ್ರಿ. ಅದು ಅಳು ಅಲ್ಲ. ಆಕಳಿಕಿ.”

ಅಯ್ಯನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಚಮಚವನ್ನು ಬಟ್ಟಲಲ್ಲಿಟ್ಟರು.

“ಯಾವ ಅಂಶಕ್ಕ ಬಂತು?”

“ಮೂರನೇದಕ್ಕ.”

“ಮೂರನೇದು ಉದ್ದ ಆತು.” ಬಟ್ಟಲ ಅಂಚು ಒರೆಸುತ್ತ, “ಮೊದ್ಲೂ ಬರ್ತಿತ್ತೇನು?”

ಅವಳು ತಲೆ ತಗ್ಗಿಸಿದಳು. ಅಯ್ಯನವರು ಮತ್ತೆ ಚಮಚ ಎತ್ತಿ, ಉಳಿದ ಗಂಜಿಯನ್ನು ಕುಡಿಸಿ, ಹೊರಗೆ ಹೋಗಿ ಧಾರವಾಡಕ್ಕೆ ಫೋನ್ ಮಾಡಿ ಬರಲಾಗದು ಎಂದರು.

ಶನಿವಾರ ಸಂಜೆ ಅವಳು ಗಂಡನಿಗಾಗಿ ಹಿಟ್ಟು ನಾದಿ, ಬಡಿಯದೆ ಕಾಯುತ್ತ ಕೂತಳು. ಅಯ್ಯನವರು ಅಡುಗೆಮನೆಯ ಬಾಗಿಲಿಗೆ ಬರಲೇ ಇಲ್ಲ. ಇಪ್ಪತ್ತು ವರ್ಷ ಯಾವುದು ತಪ್ಪಿದರೆ ಸಾಕೆಂದುಕೊಂಡಿದ್ದಳೋ ಅದು ತಪ್ಪಿತ್ತು. ಒಂಟಿಯಾಗಿ ರೊಟ್ಟಿ ಬಡಿಯುವ ಸಪ್ಪಳ ಅವಳಿಗೇ ಕೇಳಲಾಗಲಿಲ್ಲ.

ಮರುದಿನ ಪಟ್ಟಿ ಕಟ್ಟಿಕೊಂಡೇ ಮೊದಲ ಬೆಂಚಿನಲ್ಲಿ ಕೂತಳು. ಅವಳು ಮುಂಚೆ ಕೇಳಿರದ ಮೊದಲ ಪ್ರಸಂಗ ಅದು. ಬಹಳ ಚಿಕ್ಕದು. ಮಾತಾಡುವವನಿಗೆ ತನ್ನ ದನಿಯಷ್ಟೇ ಕೇಳಿಸುತ್ತದೆ, ಕೇಳುವವರ ದಣಿವು ಕಾಣಿಸುವುದಿಲ್ಲ ಎಂದರು ಅಯ್ಯನವರು. ಹಾಗೆ ಬಾಳಿದವರನ್ನು ಕ್ಷಮಿಸು ಎಂದು ಪ್ರಾರ್ಥಿಸಿದರು.

ದಯಾವತಿಗೆ ಅಳು ಬಂತು. ಈ ಸಲ ಖರೇ ಅಳು. ಕೈ ಅಭ್ಯಾಸದಿಂದ ಸೆರಗಿಗೆ ಹೋಯಿತು; ಹಿಡಿದು ನಿಲ್ಲಿಸಿದಳು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು, ಮುಖವನ್ನು ಪೂರ್ತಿ ಎತ್ತಿ ಹಿಡಿದಳು. ಕಣ್ಣೀರು ಪಟ್ಟಿಯೊಳಗೆ ಇಳಿಯುತ್ತಿತ್ತು. ಬಾಯಿ ಮುಚ್ಚಿತ್ತು. ಒಮ್ಮೆ ನೋಡಲಿ, ಒಂದೇ ಸಲ ನೋಡಲಿ ಎಂದು ಕಾದಳು.

ಅಯ್ಯನವರು ಹಿಂದಿನ ಬೆಂಚುಗಳನ್ನು ನೋಡಿದರು, ಕಿಟಕಿಯ ಕಡೆ ನೋಡಿದರು, ಬಾಗಿಲ ಬಳಿ ನಿಂತವರನ್ನೂ ನೋಡಿದರು. ಮೊದಲ ಬೆಂಚಿನ ಕಡೆ ಮಾತ್ರ ನೋಡಲಿಲ್ಲ.