ಬದಲಿ ಗೋಲ್‌ಕೀಪರ್

ನಾಲ್ಕು ದೇಶಗಳಲ್ಲಿ ಫುಟ್‌ಬಾಲ್ ಆಡಿದ್ದೇನೆ: ಮಾಲ್ಡೀವ್ಸ್, ಬಾಂಗ್ಲಾದೇಶ, ನೇಪಾಳ, ಭೂತಾನ್. ಎಲ್ಲ ಕಡೆಯೂ ನನ್ನನ್ನು ಕರೆಸಿಕೊಂಡದ್ದು ಇನ್ನೊಬ್ಬಳ ಬದಲಿಗೆ. ಒಬ್ಬಳಿಗೆ ಮಂಡಿ ಆಪರೇಷನ್ ಆಗಿತ್ತು, ಒಬ್ಬಳು ಬಸುರಿಯಾಗಿದ್ದಳು, ಇನ್ನೊಬ್ಬಳಿಗೆ ಡಿಗ್ರಿ ಪರೀಕ್ಷೆ. ಗೋಲ್‌ಕೀಪರ್ ಇಲ್ಲದೆ ಪಂದ್ಯ ನಡೆಯುವುದಿಲ್ಲವಲ್ಲ, ಆಗ ನನಗೆ ಫೋನ್ ಬರುತ್ತಿತ್ತು. ಎರಡು ತಿಂಗಳು, ಮೂರು ತಿಂಗಳು, ಹೆಚ್ಚೆಂದರೆ ಒಂದು ಸೀಸನ್. ಇದನ್ನು ಬೇಸರಪಟ್ಟುಕೊಂಡು ಹೇಳುತ್ತಿಲ್ಲ. ತುರ್ತಿಗೆ ಕರೆಸುವವರು ಕೈಲಾಗದವಳನ್ನು ಕರೆಸುವುದಿಲ್ಲ.

ನಮ್ಮದು ಚನ್ನಪಟ್ಟಣದ ಕಡೆಯ ಹೊಂಗನೂರಿನಿಂದ ಎರಡು ಕಿಲೋಮೀಟರ್ ಒಳಗಿರುವ ಹಳ್ಳಿ. ಅಪ್ಪನಿಗೆ ಹೊಲ, ಅವ್ವನಿಗೆ ರೇಷ್ಮೆ ಹುಳ. ಹೈಸ್ಕೂಲಿನಲ್ಲಿ ನಾನು ಕಬಡ್ಡಿ ಆಡುತ್ತಿದ್ದೆ. ತಾಲ್ಲೂಕು ಮಟ್ಟಕ್ಕೆ ಹುಡುಗಿಯರ ಫುಟ್‌ಬಾಲ್ ತಂಡ ಕಳಿಸಬೇಕೆಂದು ಪತ್ರ ಬಂದಾಗ ಪಿಟಿ ಮೇಷ್ಟ್ರು ಹತ್ತು ಜನರನ್ನು ಹೊಂದಿಸಿದರು. ಗೋಲಿನಲ್ಲಿ ನಿಲ್ಲುವುದಕ್ಕೆ ಯಾರೂ ಒಪ್ಪಲಿಲ್ಲ. ಚೆಂಡು ಮುಖಕ್ಕೆ ಬೀಳುತ್ತದೆ ಅನ್ನುವ ಭಯ.

"ನೀನು ಕಬಡ್ಡೀಲಿ ಕಾಲು ಹಿಡ್ಕೊಂಡ್ರೆ ಬುಡಲ್ಲ. ಚೆಂಡನ್ನೂ ಹಂಗೇ ಹಿಡ್ಕೊ, ಸಾಕು," ಅಂದರು.

ಚನ್ನಪಟ್ಟಣದ ಮೈದಾನದಲ್ಲಿ ಆವತ್ತು ಎರಡು ಗೋಲು ಬಿಟ್ಟೆ, ಹತ್ತಾರು ತಡೆದೆ. ನಾವು ಸೋತೆವು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಅಂಗೈ ಉರಿಯುತ್ತಿದ್ದದ್ದು ಹಿತವಾಗಿತ್ತು. ನನಗೆ ಬರುವ ಕೆಲಸ ಯಾವುದು ಅನ್ನುವುದು ಆವತ್ತೇ ಗೊತ್ತಾಯಿತು. ಆಮೇಲೆ ಜಿಲ್ಲಾ ತಂಡ, ಕಾಲೇಜು, ಬೆಂಗಳೂರಿನ ಒಂದು ಕ್ಲಬ್ಬು. ಇಪ್ಪತ್ತಾರನೇ ವಯಸ್ಸಿನಲ್ಲಿ ಮಾಲ್ಡೀವ್ಸಿನಿಂದ ಮೊದಲ ಕರೆ.

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಿನವರೊಬ್ಬರು ಮನೆಗೆ ಬಂದರು. ವಯಸ್ಸಾದವರು, ಒಳ್ಳೆಯವರು. ಜಗಲಿಯ ಮೇಲೆ ಕೂತು, ಅವ್ವ ಕೊಟ್ಟ ಕಾಫಿ ಕುಡಿದು, ಕಾಗದ ತೆಗೆದರು.

"ಏನ್ ಕೆಲ್ಸ ಮಾಡ್ತಿಯವ್ವ?"

"ಫುಟ್‌ಬಾಲ್ ಆಡ್ತೀನಿ ಸಾರ್."

"ಅದ್ಸರಿ. ಕೆಲ್ಸ?"

"ಅದೇ ಕೆಲ್ಸ ಸಾರ್."

ಅವರು ಅಪ್ಪನ ಮುಖ ನೋಡಿದರು. ಅಪ್ಪ ನನ್ನ ಆಟವನ್ನು ಆವತ್ತಿನವರೆಗೆ ಹೊಗಳಿದವನೂ ಅಲ್ಲ, ಬೇಡ ಅಂದವನೂ ಅಲ್ಲ. ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, "ಅದೇ ಕೆಲ್ಸ ಸ್ವಾಮಿ, ಬರ್ಕೊಳ್ಳಿ. ಅವ್ರೇ ಕರ್ಸ್ಕತಾವ್ರೆ, ಇವ್ಳೇನ್ ಕೇಳ್ಕೊಂಡ್ ಹೋಯ್ತಿಲ್ಲ," ಅಂದ. ಪೊಲೀಸಿನವರು ಬರೆದುಕೊಂಡರು. ಹೋಗುವಾಗ, ಟಿವಿಯಲ್ಲಿ ಬಂದರೆ ಹೇಳಿ ಕಳಿಸು ಅಂದರು. ಟಿವಿಯಲ್ಲಿ ನಾನು ಇವತ್ತಿನವರೆಗೂ ಬಂದಿಲ್ಲ.

ಮಾಲ್ಡೀವ್ಸಿನ ಮೈದಾನ ಸಮುದ್ರಕ್ಕೆ ಅಂಟಿಕೊಂಡಂತಿತ್ತು. ಮೇಲೆ ಬಂದ ಚೆಂಡನ್ನು ಗಾಳಿ ಎಲ್ಲಿಗೋ ತಳ್ಳಿಬಿಡುತ್ತಿತ್ತು. ಎರಡು ವಾರ ಹೆಣಗಾಡಿದೆ, ಆಮೇಲೆ ಗಾಳಿಯ ಲೆಕ್ಕ ಸಿಕ್ಕಿತು. ಬಾಂಗ್ಲಾದೇಶದಲ್ಲಿ ಮಳೆ, ಕೆಸರು, ಸೋಪಿನಂತೆ ಜಾರುವ ಚೆಂಡು. ಅದನ್ನೂ ಕಲಿತೆ. ಬದಲಿಗೆ ಹೋದವಳಿಗೆ ಕಲಿಯುವುದಕ್ಕೆ ಸಮಯ ಕೊಡುವುದಿಲ್ಲ. ಶನಿವಾರ ವಿಮಾನ ಇಳಿದರೆ ಮಂಗಳವಾರ ಪಂದ್ಯ ಇರುತ್ತದೆ.

ಕಷ್ಟವಾಗುತ್ತಿದ್ದದ್ದು ಹೊರದೇಶದಲ್ಲಲ್ಲ, ಎರಡು ಕರೆಗಳ ನಡುವೆ ಊರಿನಲ್ಲಿದ್ದಾಗ. ಓಡುವುದಕ್ಕೆ ರಸ್ತೆ ಇತ್ತು. ಕಾಲಿನ ಬಲಕ್ಕೆ ವಾರಕ್ಕೊಮ್ಮೆ ಅಪ್ಪನ ಬೈಕಿನಲ್ಲಿ ಹೋಗಿ ಸಾವನದುರ್ಗ ಹತ್ತಿ ಇಳಿಯುತ್ತಿದ್ದೆ. ಆದರೆ ಗೋಲ್‌ಕೀಪರಿಗೆ ಚೆಂಡು ಎಸೆಯುವವರು ಬೇಕು. ಊರಿನಲ್ಲಿ ನನಗಾಗಿ ದಿನಾ ಬಿಡುವು ಮಾಡಿಕೊಳ್ಳುವವರು ಯಾರಿದ್ದಾರೆ?

ಅವ್ವ ಮಾಡಿಕೊಂಡಳು. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ ಹೊರಗೆ ಬಂದವಳು, "ಒದಿಯೋದು ನಂಗಾಗಕಿಲ್ಲ. ಎಸಿತೀನಿ, ಹಿಡ್ಕೊ," ಅಂದಳು. ಹುಳದ ಮನೆಯ ಮುಂದೆ ಅಂಗಳ, ನನ್ನ ಬೆನ್ನ ಹಿಂದೆ ಸೊಳ್ಳೆ ಪರದೆ ಕಟ್ಟಿದ ಅಗಲದ ಕಿಟಕಿ, ಅದರಾಚೆ ತಟ್ಟೆಗಳ ತುಂಬ ಹುಳ. ಅದೇ ನನ್ನ ಗೋಲು.

"ಪರದೆ ಹರಿದ್ರೆ ನೊಣ ಒಳಿಕ್ಕೋಯ್ತವೆ. ಬೆಳೆಯೆಲ್ಲ ಹಾಳಾಯ್ತದೆ. ಒಂದೂ ಬುಡ್ಬ್ಯಾಡ," ಅಂದಳು.

ನಾಲ್ಕು ಹೆಜ್ಜೆ ದೂರದಿಂದ ಎಸೆಯುತ್ತಿದ್ದಳು. ಹೇಳಿ ಎಸೆಯುತ್ತಿರಲಿಲ್ಲ. ಪಕ್ಕದ ಮನೆಯವರ ಸುದ್ದಿ ಹೇಳುತ್ತಾ ಹೇಳುತ್ತಾ ಮಾತಿನ ಮಧ್ಯದಲ್ಲೇ ಎಸೆದುಬಿಡುವಳು. ಕೆಳಗೆ ನೋಡುತ್ತಾ ಮೇಲಕ್ಕೆ ಎಸೆಯುವಳು. ಹೇಳಿ ಎಸಿ ಅವ್ವ ಅಂದರೆ, "ಆ ದೇಸದೋರು ಹೇಳಿ ಒದಿತಾರಾ?" ಅನ್ನುವಳು. ಬೆಂಗಳೂರಿನ ಕೋಚುಗಳು ಕೋನು, ಹಗ್ಗ ಇಟ್ಟು ಕಲಿಸಿದ್ದಕ್ಕಿಂತ ಆ ಅಂಗಳದಲ್ಲಿ ಕಲಿತದ್ದು ಹೆಚ್ಚು. ಪರದೆ ಒಮ್ಮೆ ಮಾತ್ರ ಹರಿಯಿತು. ಆವತ್ತು ಮಧ್ಯಾಹ್ನವೆಲ್ಲ ಕೂತು ನಾನೇ ಹೊಲಿದೆ.

ನೇಪಾಳದ ಕರೆ ಬಂದಾಗ ನನಗೆ ಮೂವತ್ತೊಂದು. ಕಠ್ಮಂಡುವಿನ ಒಂದು ಕ್ಲಬ್ಬು. ಅವರ ಗೋಲ್‌ಕೀಪರ್ ಅಭ್ಯಾಸದಲ್ಲಿ ಎಡಗೈಯ ಬೆರಳು ಮುರಿದುಕೊಂಡಿದ್ದಳು. ಎಂಟು ವಾರದ ಕರಾರು.

ಅವಳು ನನಗಿಂತ ಆರು ವರ್ಷ ಚಿಕ್ಕವಳು, ನನಗಿಂತ ಎತ್ತರ, ಊರವರಿಗೆಲ್ಲ ಅಚ್ಚುಮೆಚ್ಚು. ಬೆರಳಿಗೆ ಪಟ್ಟಿ ಕಟ್ಟಿಕೊಂಡು ದಿನಾ ಮೈದಾನಕ್ಕೆ ಬರುವಳು. ಬಂದು ನನ್ನ ಗೋಲಿನ ಹಿಂದೆ ಕುರ್ಚಿ ಹಾಕಿಕೊಂಡು ಕೂರುವಳು. ಮಾತಿಲ್ಲ, ನಗುವಿಲ್ಲ. ನಾನು ಚೆಂಡು ಬಿಟ್ಟರೆ ಮಾತ್ರ ಎದ್ದುಹೋಗಿ ತಂದು ಕೊಡುವಳು. ಮೊದಲ ವಾರ ಅವಳ ನೋಟ ಬೆನ್ನಿಗೆ ಚುಚ್ಚುತ್ತಿತ್ತು. ಎರಡನೇ ವಾರಕ್ಕೆ, ಇವಳು ನೋಡಲಿ, ನೋಡಿದಷ್ಟೂ ಒಳ್ಳೆಯದು ಅನ್ನಿಸಿತು.

ಭಾಷೆ ಒಂದು ತೊಡಕಾಯಿತು. ಗೋಲ್‌ಕೀಪರ್ ಕೂಗದೆ ಇದ್ದರೆ ಮುಂದಿನ ನಾಲ್ವರು ಡಿಫೆಂಡರುಗಳಿಗೆ ಕಣ್ಣು ಕಟ್ಟಿದ ಹಾಗೆ. ನನ್ನ ಹಿಂದಿ ಅಷ್ಟಕ್ಕಷ್ಟೆ, ನೇಪಾಳಿ ಬರುವುದೇ ಇಲ್ಲ. ಮೊದಲ ಪಂದ್ಯದಲ್ಲಿ ಚೆಂಡು ಎತ್ತರದಲ್ಲಿ ನನ್ನ ಕಡೆ ಬಂತು. ನಮ್ಮ ಡಿಫೆಂಡರ್ ಒಬ್ಬಳು ಅದಕ್ಕೆ ಹಾರುವುದರಲ್ಲಿದ್ದಳು. ನನ್ನ ಬಾಯಿಂದ ಬಂದದ್ದು, "ಬುಡು ಬುಡು ಬುಡು." ಅವಳಿಗೆ ಏನು ಕೇಳಿಸಿತೋ, ಬಗ್ಗಿದಳು. ನಾನು ಚೆಂಡು ಹಿಡಿದೆ. ಅಲ್ಲಿಂದ ಮುಂದೆ ಅದೇ ನಮ್ಮ ತಂಡದ ಮಾತಾಯಿತು. "ಬುಡು" ಅಂದರೆ ಚೆಂಡು ನನ್ನದು, ನೀವು ಬಿಡಿ. "ಒಸಿ ಹಿಂದೆ" ಅಂದರೆ ಡಿಫೆಂಡರುಗಳ ಸಾಲು ಸ್ವಲ್ಪ ಗೋಲಿನ ಕಡೆ ಸರಿಯಲಿ. ಊಟದ ಟೇಬಲಿನಲ್ಲಿ ಉಪ್ಪಿನಕಾಯಿ ಬಾಟಲಿಗೆ ಕೈಹಾಕಿದವಳಿಗೂ "ಬುಡು" ಅಂದು ಎಲ್ಲರೂ ನಗುತ್ತಿದ್ದರು.

ನಾನು ಬಂದ ಮೇಲೆ ಆರು ಪಂದ್ಯ ಆಡಿದೆವು, ಒಂದರಲ್ಲೂ ಸೋಲಲಿಲ್ಲ. ನಾಲ್ಕರಲ್ಲಿ ನಾನು ಒಂದೂ ಗೋಲು ಬಿಟ್ಟಿರಲಿಲ್ಲ. ಉಳಿದದ್ದು ಕೊನೆಯ ಪಂದ್ಯ. ಗೆದ್ದರೆ ಎರಡನೇ ಸ್ಥಾನ ನಮ್ಮದು.

ಅದರ ಹಿಂದಿನ ದಿನ ಅಭ್ಯಾಸ ಮುಗಿದ ಮೇಲೆ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು, ನನಗೆ ಅರ್ಥವಾಗಲೆಂದು.

"ನಾಳೆ ಅವಳು ಆಡುತ್ತಾಳೆ. ಬೆರಳು ವಾಸಿಯಾಗಿದೆ."

"ಇವತ್ತಿನ ಮಟ್ಟಿಗೆ ನಾನು ಅವಳಿಗಿಂತ ಚೆನ್ನಾಗಿ ಆಡುತ್ತೇನೆ ಸರ್."

"ಹೌದು," ಅಂದರು. "ಅದು ನನಗೂ ಗೊತ್ತು. ಆದರೆ ನೀನು ಮುಂದಿನ ವಾರ ಹೊರಡುತ್ತೀಯ. ಅವಳು ಇಲ್ಲೇ ಇರುತ್ತಾಳೆ. ಮುಂದಿನ ವರ್ಷ ಆಡಬೇಕಾದವಳಿಗೆ ನಾಳೆ ಧೈರ್ಯ ಬರಬೇಕು."

ಸುಳ್ಳು ಹೇಳದ ಮನುಷ್ಯನ ಜೊತೆ ಜಗಳ ಆಡುವುದು ಕಷ್ಟ. ರೂಮಿಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಸೊಪ್ಪು ಕತ್ತರಿಸುತ್ತಿದ್ದಳು, ಮಚ್ಚಿನ ಸದ್ದು ಕೇಳುತ್ತಿತ್ತು.

"ನೀನು ಹೋಗಿದ್ದು ಆ ಹುಡ್ಗಿ ಬದ್ಲಿಗೆ ತಾನೇ?"

"ಹೂಂ."

"ಅವ್ಳ ಬೆಳ್ಳು ವಾಸಿ ಆಯ್ತಾ?"

"ಆಯ್ತಂತೆ."

"ಮತ್ತೆ ಸಿಟ್ಟ್ಯಾಕೆ?"

"ನಾನೇ ಚೆನ್ನಾಗ್ ಆಡೋದು ಅವ್ವ. ಕೋಚೇ ಒಪ್ಕಂಡ್ರು."

"ಅದು ನಂಗೂ ಗೊತ್ತು, ನಿಂಗೂ ಗೊತ್ತು, ಈಗ ಅವ್ರಿಗೂ ಗೊತ್ತಾಯ್ತು. ಇನ್ಯಾರಿಗ್ ತೋರ್ಸ್ಬೇಕು ಮಗ?" ಅಂದಳು. ಮಚ್ಚಿನ ಸದ್ದು ಮತ್ತೆ ಶುರುವಾಯಿತು. "ಉಂಡು ಮನಿಕ್ಕೊ."

ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೆ ಉಂಡೆ, ಮಲಗಿದೆ.

ಮಾರನೇ ದಿನ ಪಂದ್ಯಕ್ಕೆ ಮೊದಲು ಅವಳಿಗೆ ಚೆಂಡು ಕೊಟ್ಟು ಮೈ ಬಿಸಿ ಮಾಡಿಸುವ ಕೆಲಸ ನನ್ನದು. ಹತ್ತು ಚೆಂಡು ಎಸೆಯುವಷ್ಟರಲ್ಲಿ ಕಂಡಿತು: ಎಡಕ್ಕೆ ಬಂದದ್ದನ್ನು ಹಿಡಿಯುವ ಮೊದಲು ಅವಳ ಕೈ ಕೂದಲೆಳೆಯಷ್ಟು ಹಿಂದೆ ಸರಿಯುತ್ತಿತ್ತು. ಬೆರಳಿಗೆ ನೋವಿರಲಿಲ್ಲ, ನೋವಿನ ನೆನಪಿತ್ತು. ನಾನು ಕಂಡೂ ಸುಮ್ಮನಿರಬಹುದಿತ್ತು. ಹಾಗೆ ಅನ್ನಿಸಲೂ ಅನ್ನಿಸಿತು, ಯಾಕೆ ಮುಚ್ಚಿಡಲಿ. ಆದರೆ ಆರು ಪಂದ್ಯದ ಅಂಕ ನನ್ನ ಕೈಯಿಂದ ಬಂದದ್ದು, ಅದು ಹಾಳಾಗುವುದು ನನಗೆ ಬೇಕಿರಲಿಲ್ಲ.

"ಎಡಕ್ಕೆ ಬಂದರೆ ಹಿಡಿಯಬೇಡ," ಅಂದೆ, ನನಗೆ ಬರುವಷ್ಟು ಹಿಂದಿಯಲ್ಲಿ. "ಅಂಗೈಯಲ್ಲಿ ಹೊರಗೆ ತಳ್ಳು. ಇವತ್ತಿಗೆ ಅಷ್ಟೇ ಸಾಕು."

ಅವಳು ಮೊದಲ ಬಾರಿ ನನ್ನ ಮುಖವನ್ನು ನೇರ ನೋಡಿದಳು. "ಕಾಣಿಸುತ್ತಿದೆಯಾ?"

"ನನಗೆ ಕಾಣಿಸುತ್ತೆ. ಅವರಿಗೆ ಕಾಣಿಸದ ಹಾಗೆ ಮಾಡೋಣ."

ನಾಲ್ಕು ಹೆಜ್ಜೆ ದೂರ ನಿಂತು, ಬರೀ ಎಡಕ್ಕೆ ಎಸೆಯತೊಡಗಿದೆ. ಹಿಂದಿನ ರಾತ್ರಿ ಏನು ತಿಂದೆ ಎಂದು ಕೇಳುತ್ತಾ, ಅವಳು ಉತ್ತರ ಕೊಡುವ ಮೊದಲೇ ಎಸೆಯುತ್ತಾ. ಮೂವತ್ತು ಚೆಂಡಿನ ಹೊತ್ತಿಗೆ ಅವಳು ಬೈಯುವುದಕ್ಕೆ ಶುರುಮಾಡಿದಳು, ನಲವತ್ತಕ್ಕೆ ನಕ್ಕಳು. ಕೈ ಹಿಂದೆ ಸರಿಯುವುದು ನಿಂತಿತ್ತು.

ಪಂದ್ಯದುದ್ದಕ್ಕೂ ಬೆಂಚಿನ ಮೇಲೆ ಜಾಕೆಟ್ ಹಾಕಿಕೊಂಡು ಕೂತಿದ್ದೆ. ಮೊದಲರ್ಧದಲ್ಲಿ ನಾವು ಒಂದು ಗೋಲು ಹೊಡೆದೆವು. ಆಮೇಲೆ ಎದುರಿನವರು ಮೇಲೆ ಬಿದ್ದರು. ಕೊನೆಯ ಹತ್ತು ನಿಮಿಷದಲ್ಲಿ ಕಾರ್ನರ್ ಮೇಲೆ ಕಾರ್ನರ್. ಎಡಕ್ಕೆ ಎರಡು ಸಲ ಬಂತು, ಎರಡೂ ಸಲ ಹೊರಗೆ ತಳ್ಳಿದಳು. ಮೂರನೆಯದು ನೇರ ಗೋಲಿನ ಮುಂದೆ ಎತ್ತರಕ್ಕೆ ಬಂತು. ಐದಾರು ಜನ ಹಾರುವುದರಲ್ಲಿದ್ದರು. ಅಷ್ಟರಲ್ಲಿ ಮೈದಾನಕ್ಕೆಲ್ಲ ಕೇಳುವ ಹಾಗೆ ಅವಳ ದನಿ: "ಬುಡು." ನಮ್ಮ ಡಿಫೆಂಡರುಗಳು ಒಟ್ಟಿಗೆ ಬಗ್ಗಿದರು, ಅವಳು ಹಾರಿ ಹಿಡಿದಳು, ಎರಡು ಕೈಯಲ್ಲೂ. ನನ್ನ ಪಕ್ಕದಲ್ಲಿದ್ದ ಕೋಚ್ ನೀರಿನ ಬಾಟಲಿ ನನ್ನ ಕಡೆ ಚಾಚಿದರು.

ಒಂದು-ಸೊನ್ನೆಯಲ್ಲಿ ಗೆದ್ದೆವು. ಫೋಟೋ ತೆಗೆಯುವಾಗ ಅವಳು ನನ್ನನ್ನು ಎಳೆದು ತನ್ನ ಪಕ್ಕ ನಿಲ್ಲಿಸಿಕೊಂಡಳು. ನಾನು ಆಡಿದ್ದರೂ ಗೆಲ್ಲುತ್ತಿದ್ದೆವು ಅನ್ನುವುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆದರೂ ಆ ಫೋಟೋದಲ್ಲಿ ನಾನು ನಗುತ್ತಿರುವುದು ನಿಜವಾದ ನಗು.

ಮುಂದಿನ ವರ್ಷ ಭೂತಾನಿನ ಕ್ಲಬ್ಬೊಂದಕ್ಕೆ ನನ್ನ ಹೆಸರು ಹೇಳಿದವಳು ಅವಳೇ. ಥಿಂಪುವಿನಲ್ಲಿ ಗಾಳಿ ತೆಳು, ಚೆಂಡು ಅಂದಾಜಿಗಿಂತ ಮೊದಲೇ ಬಂದುಬಿಡುತ್ತದೆ. ಮೊದಲ ಪಂದ್ಯದಲ್ಲಿ ಮೂರು ಗೋಲು ಬಿಟ್ಟೆ. ಕ್ಲಬ್ಬಿನವರು ಮುಖ ಸಣ್ಣದು ಮಾಡಿಕೊಂಡರು. ಇನ್ನೊಂದು ವಾರ ಕೊಡಿ ಅಂದೆ. ನಿಲ್ಲುವ ಜಾಗವನ್ನು ಅರ್ಧ ಹೆಜ್ಜೆ ಹಿಂದಕ್ಕೆ ಹಾಕಿಕೊಂಡೆ, ಎರಡನೇ ಪಂದ್ಯದಲ್ಲಿ ಒಂದೂ ಬಿಡಲಿಲ್ಲ. ಮೂರು ತಿಂಗಳಿಗೆಂದು ಹೋದವಳನ್ನು ಸೀಸನ್ ಪೂರ್ತಿ ಇಟ್ಟುಕೊಂಡರು.

ಈಗ ನನಗೆ ಮೂವತ್ನಾಲ್ಕು. ಊರಿನಲ್ಲಿ ಕೆಲವರು ಇನ್ನೆಷ್ಟು ದಿನ ಅಂತ ಕೇಳುತ್ತಾರೆ. ಗೋಲ್‌ಕೀಪರುಗಳು ತಡವಾಗಿ ಹಣ್ಣಾಗುತ್ತಾರೆ ಎಂದು ಹೇಳಿ ನೋಡಿದೆ, ಯಾರೂ ನಂಬಲಿಲ್ಲ. ನನ್ನ ಮಂಡಿ ಗಟ್ಟಿಯಾಗಿದೆ, ಕಣ್ಣು ಚುರುಕಾಗಿದೆ, ಚೆಂಡು ಎಲ್ಲಿಗೆ ಬರುತ್ತದೆ ಅನ್ನುವುದು ಇಪ್ಪತ್ತಾರರಲ್ಲಿ ತಿಳಿಯುತ್ತಿದ್ದದ್ದಕ್ಕಿಂತ ಈಗ ಬೇಗ ತಿಳಿಯುತ್ತದೆ. ಗುರುವಾರ ಮತ್ತೆ ಢಾಕಾಕ್ಕೆ ಹೊರಡುತ್ತೇನೆ, ನಾಲ್ಕು ತಿಂಗಳಿಗೆ. ಹುಳ ಗೂಡು ಕಟ್ಟುವ ಸಮಯ, ತಾನು ಬಸ್‌ಸ್ಟಾಂಡಿಗೆ ಬರುವುದಕ್ಕಾಗುವುದಿಲ್ಲ ಎಂದು ಅವ್ವ ಈಗಲೇ ಹೇಳಿದ್ದಾಳೆ. ಅಪ್ಪ ಚನ್ನಪಟ್ಟಣದವರೆಗೆ ಬಂದು, ಬೆಂಗಳೂರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದುಕೊಡುತ್ತಾನೆ.